ಎರಡು ಫಾರಂಗಳ ಹೆಂಗಸು

ಟೈಪಕ್ಕ ಪೊಲೀಸ್ ಇಲಾಖೆಗೆ ಸೇರಿದ್ದು ಟೈಪ್‌ರೈಟರ್ ಕಾಲದಲ್ಲಿ. ಆ ಯಂತ್ರ ಗುಜರಿಗೆ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಮೂವತ್ತೊಂದು ವರ್ಷ ಬೇರೆಯವರ ಹೇಳಿಕೆಗಳನ್ನು ಕುಟ್ಟಿ ಕುಟ್ಟಿ ಅವರಿಗೊಂದು ವಿದ್ಯೆ ಕೈಹತ್ತಿತ್ತು. ಒಬ್ಬನೇ ಮನುಷ್ಯ ಮೂರು ಹೇಳಿಕೆಗಳಲ್ಲಿ ಮೂರು ಹೆಸರಿಟ್ಟುಕೊಂಡು ಬಂದರೂ ವಾಸನೆ ಹಿಡಿದುಬಿಡುತ್ತಿದ್ದರು. ಬಸ್ ಡಿಪೋದಿಂದ ನಿವೃತ್ತರಾಗಿದ್ದ ಅವರ ಯಜಮಾನರು, "ನಮ್ಮನೇಲಿ ಒಂದು ಸಣ್ಣ ಸುಳ್ಳು ಹೇಳೋಕೂ ಆಗಲ್ಲ. ಹೋದ ವರ್ಷ ಹೇಳಿದ್ದನ್ನ ತಂದು ತಾಳೆ ನೋಡ್ತಾಳೆ" ಎಂದು ಬಂದವರೆದುರು ಗೋಳಾಡುತ್ತಿದ್ದರು.

ಒಂದು ಮಂಗಳವಾರ ಬೆಳಗ್ಗೆ ಸೇತುವೆಯ ಮೇಲಿಂದ ರೈಲಿನ ಮೂರು ಬೋಗಿಗಳು ನದಿಗೆ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಇಲಾಖೆಯ ತರಬೇತಿ ಹಾಲ್‌ನಲ್ಲಿ ಹನ್ನೆರಡು ಮೇಜು, ಹನ್ನೆರಡು ಫೋನ್, ಹನ್ನೆರಡು ಕಂಪ್ಯೂಟರ್ ಸಿದ್ಧವಾದವು. ತಮ್ಮವರು ಕಾಣೆಯಾಗಿದ್ದಾರೆ ಎಂದು ಫೋನ್ ಮಾಡಿದವರ ಮಾತು ಒಂದು ಫಾರಂಗೆ ಹೋಗಬೇಕು. ಶವಾಗಾರದವರು ಬರೆದು ಕಳಿಸುವ ಗುರುತುಗಳು ಇನ್ನೊಂದಕ್ಕೆ. ಎರಡನ್ನೂ ಕಂಪ್ಯೂಟರ್ ಹೋಲಿಸಿ, ಇಷ್ಟು ಪಾಲು ಹೊಂದುತ್ತದೆ ಎಂದು ಲೆಕ್ಕ ತೋರಿಸುತ್ತಿತ್ತು. ಒಂಬತ್ತನೇ ಮೇಜು ಟೈಪಕ್ಕನದು.

ಗುರುವಾರ ಕಂಪ್ಯೂಟರ್ ವಿಚಿತ್ರವಾದ ಜೋಡಿಯೊಂದನ್ನು ತೋರಿಸಿತು. ಕಾಣೆಯಾದವರಿಗೂ ಸತ್ತವರಿಗೂ ಅಲ್ಲ, ಕಾಣೆಯಾದ ಇಬ್ಬರಿಗೇ ಹೋಲಿಕೆ. ಇನ್ನೂರ ಹದಿನಾಲ್ಕನೇ ಫಾರಂ ಬರೆಸಿದ್ದು ಒಬ್ಬ ಟೈಲರ್: ಹೆಂಡತಿ ಗುಂಡಿ, ದಾರ ತರಲು ಪ್ರತಿ ಮಂಗಳವಾರ ನದಿಯಾಚೆ ಹೋಗುವವಳು, ಎಡ ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಮುನ್ನೂರ ಆರನೆಯದನ್ನು ಬರೆಸಿದ್ದು ನದಿಯಾಚೆಯ ಒಬ್ಬ ಕುರುಡಿ ಮುದುಕಿ: ಮಂಗಳವಾರ ಮಂಗಳವಾರ ಬರುವ ಮಗಳು, ಎಡ ಮುಂಗೈ ಮುಟ್ಟಿದರೆ ಮೂರು ಮೂಲೆಯ ಕಲೆ ಸಿಗುತ್ತದೆ. ಹೆಸರು ಮಾತ್ರ ಬೇರೆ ಬೇರೆ. ಟೈಲರ್‌ಗೆ ಫೋನ್ ಮಾಡಿ ವಿಚಾರಿಸಿದರೆ, "ಅತ್ತೆ ತೀರಿಕೊಂಡು ಎಷ್ಟೋ ಕಾಲ ಆಯ್ತು ಮೇಡಂ" ಎಂದ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಟೈಪಕ್ಕನ ಫೋನ್ ಬಡಿಯಿತು. ಆಚೆ ಕಡೆ ಹೆಂಗಸಿನ ದನಿ, ತಣ್ಣಗೆ.

"ಇನ್ನೂರ ಹದಿನಾಲ್ಕು, ಮುನ್ನೂರ ಆರು. ಎರಡೂ ಒಂದೇ ಅಕ್ಕ, ಸೇರಿಸಿಬಿಡಿ. ಇನ್ನೊಂದು ಬರ್ಕೊಳ್ಳಿ. ಎಡಗಾಲಿನ ಕೊನೇ ಎರಡು ಬೆರಳು ಅಂಟ್ಕೊಂಡಿವೆ."

ಟೈಪಕ್ಕ ಬರೆದುಕೊಂಡರು. ಆಚೆಯ ದನಿ ಮುಂದುವರಿಯಿತು: "ಅಮ್ಮಂಗೆ ಫೋನಲ್ಲಿ ಹೇಳ್ಬೇಡಿ. ಮನೆಗೆ ಹೋಗಿ ಹೇಳಿ. ನಿಧಾನವಾಗಿ ಮಾತಾಡೋರು ಯಾರಾದ್ರೂ ಹೋಗಿ."

"ಆಗ್ಲಮ್ಮ. ನಿಮಗೂ ಅವರಿಗೂ ಏನ್ ಸಂಬಂಧ?" ರೂಢಿಯ ಪ್ರಶ್ನೆ.

"ನಾನೇ."

ಮಾಹಿತಿ ಕೊಟ್ಟವರ ಅಂಕಣದಲ್ಲಿ ಬೆರಳುಗಳು 'ಸ್ವತಃ' ಎಂದು ಕುಟ್ಟಿ ಮುಗಿಸಿದ ಮೇಲಷ್ಟೇ ಅದರ ಅರ್ಥ ತಲೆಗೆ ಹತ್ತಿತು. ಅಷ್ಟರಲ್ಲಿ ಆ ದನಿ 'ಬರ್ತೀನಕ್ಕ' ಎಂದಿತ್ತು, ಫೋನ್ ಕಟ್ಟಾಗಿತ್ತು. ಬದುಕಿದ್ದಾಳೆ ಎಂದು ಕೂಗಬೇಕೆಂದು ಬಾಯಿ ತೆರೆದರು. ಅದೇ ಕ್ಷಣ ಪರದೆಯ ಮೇಲೆ ಅರವತ್ತೊಂದನೇ ಶವದ ಫಾರಂ ತೆರೆದುಕೊಂಡಿತು. ಅಂಟಿದ ಬೆರಳು, ಸುಟ್ಟ ಕಲೆ, ಎರಡೂ ಇದ್ದವು. ನೂರಕ್ಕೆ ತೊಂಬತ್ತೇಳು ಪಾಲು ಹೋಲಿಕೆ. ನೀರಿನಿಂದ ತೆಗೆದದ್ದು ಮಂಗಳವಾರವೇ.

ಪಕ್ಕದ ಮೇಜಿನ ಪೇದೆ ಇವರ ಮುಖ ನೋಡಿ, "ಏನಾಯ್ತಕ್ಕ?" ಎಂದ.

"ಈಗ ಬಂದ ಫೋನು..."

"ನಿಮ್ಮ ಫೋನ್ ಬಡೀಲೇ ಇಲ್ವಲ್ಲ. ಆಗಲಿಂದ ನೀವೊಬ್ರೇ ಮಾತಾಡ್ಕೊಂಡು ಟೈಪ್ ಮಾಡ್ತಿದ್ರಿ."

ಇನ್‌ಸ್ಪೆಕ್ಟರ್ ಕರೆಸಿದರು. ಫೋನಿನ ದಾಖಲೆ ತೆಗೆಸಿ ನೋಡಿದರೆ ಒಂಬತ್ತನೇ ಮೇಜಿಗೆ ಎರಡೂವರೆಯಿಂದ ನಾಲ್ಕರವರೆಗೆ ಒಂದೂ ಕರೆ ಬಂದಿರಲಿಲ್ಲ.

"ಟೈಪಕ್ಕಾ, ನಿಜ ಹೇಳಿ. ಶವದ ಫಾರಂ ಮೊದಲೇ ನೋಡಿದ್ರಾ? ಸುಸ್ತಾಗಿದ್ರೆ ತಪ್ಪೇನಿಲ್ಲ."

"ನೋಡಿದ್ರೆ ಕಂಪ್ಯೂಟರಲ್ಲೇ ಇರತ್ತಲ್ಲ ಸಾರ್, ನೀವೇ ತೆಗೆದು ನೋಡಿ."

ಯಾರು ಯಾವ ಫಾರಂ ಯಾವಾಗ ತೆರೆದರು ಎಂಬುದೆಲ್ಲ ಆ ವ್ಯವಸ್ಥೆಯಲ್ಲಿ ದಾಖಲಾಗುತ್ತಿತ್ತು. ಅರವತ್ತೊಂದನ್ನು ಅದಕ್ಕೆ ಮೊದಲು ಟೈಪಕ್ಕ ಮುಟ್ಟಿಯೇ ಇರಲಿಲ್ಲ. ಗುರುತು ಹಿಡಿಯಲು ಬಂದ ಟೈಲರ್ ಪಾದ ನೋಡಿ ಹೆಂಡತಿಯೇ ಎಂದು ಒಪ್ಪಿಕೊಂಡ. "ಇದು ಯಾರಿಗೂ ಗೊತ್ತಿರ್ಲಿಲ್ಲ ಸಾರ್. ನಾಚಿಕೆ ಅವಳಿಗೆ. ಯಾವಾಗ್ಲೂ ಕಾಲುಚೀಲ ಹಾಕ್ತಿದ್ಲು" ಎಂದ. ಇನ್‌ಸ್ಪೆಕ್ಟರ್ ಮತ್ತೆ ಆ ವಿಷಯ ಎತ್ತಲಿಲ್ಲ.

ಶನಿವಾರ ಬೆಳಗ್ಗೆ ಟೈಪಕ್ಕ ತಾವೇ ನದಿಯಾಚೆಗೆ ಹೋದರು. ಮುದುಕಿ ಒಂದೇ ತಟ್ಟಿಗೆ ಬಾಗಿಲು ತೆಗೆದಳು, ಕಾಯುತ್ತಾ ಕೂತಿದ್ದವಳ ಹಾಗೆ.

"ನಿಧಾನವಾಗಿ ಮಾತಾಡೋರು ಒಬ್ರು ಬರ್ತಾರೆ ಅಂದಿದ್ಲು. ನೀವೇನಾ?"

ಟೈಪಕ್ಕ ಹೊಸ್ತಿಲಲ್ಲೇ ನಿಂತು ಕೇಳಿದರು: "ಯಾರು ಅಂದಿದ್ದು ಅಜ್ಜಿ? ಯಾವಾಗ?"

"ನಿನ್ನೆ ಮಧ್ಯಾಹ್ನ. ಬಂದು ಸ್ವಲ್ಪ ಹೊತ್ತು ಇಲ್ಲೇ ಕೂತಿದ್ಲು. ಕೈ ಕೊಡೇ ಅಂದ್ರೆ ಕೊಡ್ಲಿಲ್ಲ. ಆಗ್ಲೇ ನಂಗೆ ಗೊತ್ತಾಯ್ತು."

ಹೇಳಲು ಬಂದದ್ದನ್ನು ಹೇಳುವ ಅಗತ್ಯವೇ ಉಳಿಯಲಿಲ್ಲ. ಮುದುಕಿಯೇ ಮಾತು ಮುಂದುವರಿಸಿದಳು. "ಅವಳು ನನ್ನ ಮಗಳಲ್ಲ ಅಂತ ಹೇಳೋಕೆ ಬಂದಿದ್ರೆ ಅದೂ ಬೇಡ. ಮಗಳು ತೀರಿಹೋಗಿ ಒಂಬತ್ತು ವರ್ಷ. ನಾಲ್ಕು ವರ್ಷದ ಹಿಂದೆ ಇವಳು ಹೊಲಿದ ಬಟ್ಟೆ ಕೊಡೋಕೆ ಬಂದು, ಮಹಡಿ ಮನೆ ಅಂದ್ಕೊಂಡು ನನ್ನ ಬಾಗಿಲು ತಟ್ಟಿದ್ಲು. ನಿದ್ದೆಗಣ್ಣಲ್ಲಿ ಮಗಳ ಹೆಸರು ಹಿಡಿದು 'ಬಂದ್ಯಾ?' ಅಂದ್ಬಿಟ್ಟೆ. 'ಹೂಂ ಅಮ್ಮ, ಬಂದೆ' ಅಂದ್ಲು. ನಂಗೆ ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ. ಆದ್ರೂ ಸುಮ್ನಿದ್ದೆ. ಅವಳೂ ಸುಮ್ನಿದ್ಲು."

"ಮತ್ತೆ ಫಾರಂನಲ್ಲಿ ಮಗಳು ಅಂತ ಬರೆಸಿದ್ರಲ್ಲ?"

"ನೀವು ಕೇಳಿದ್ದು ಸಂಬಂಧ ಏನು ಅಂತ ತಾನೇ? ಇನ್ನೇನು ಹೇಳ್ಲಿ?"

ಮಣ್ಣಿಗೆ ಟೈಪಕ್ಕನೇ ಮುದುಕಿಯನ್ನು ಕರೆದುಕೊಂಡು ಹೋದರು. ಟೈಲರ್ ದೂರದಿಂದ ದಿಟ್ಟಿಸುತ್ತಿದ್ದವನು ಕೊನೆಗೆ ಹತ್ತಿರ ಬಂದ. ಸಿಟ್ಟೋ ದುಃಖವೋ, ದನಿ ಒಡೆದಿತ್ತು. "ಮಂಗಳವಾರ ಅವಳು ನಿಮ್ಮನೇಲಿ ಊಟ ಮಾಡ್ತಿದ್ಲಾ?" ಎಂದು ಕೇಳಿದ. ಮುದುಕಿ ಹೌದೆಂದಳು. "ಅದಕ್ಕೇ ಮನೇಲಿ ಹಸಿವಿಲ್ಲ ಅಂತಿದ್ಲು" ಎಂದು ಮುದುಕಿಯ ಪಕ್ಕದಲ್ಲೇ ನಿಂತುಕೊಂಡ.

ಟೈಪಕ್ಕ ಇನ್ನೆರಡು ವರ್ಷ ಕೆಲಸ ಮಾಡಿದರು. ಫೋನಿನ ಮೇಜಿಗೆ ಮಾತ್ರ ಮತ್ತೆ ಒಪ್ಪಲಿಲ್ಲ. ಹೆದರಿಕೆಯಾಗಿತ್ತಾ ಎಂದು ಯಜಮಾನರು ಒಮ್ಮೆ ಕೇಳಿದರು.

"ಮಾತಾಡೋವಾಗ ಏನೂ ಆಗ್ಲಿಲ್ಲರೀ. ಕೊನೇಲಿ 'ಬರ್ತೀನಕ್ಕ' ಅಂದ್ಲಲ್ಲ, ಅದು ಫೋನಿಂದ ಬರ್ಲಿಲ್ಲ. ನನ್ನ ಬೆನ್ನ ಹಿಂದಿಂದ ಬಂತು. ನಾನು ತಿರುಗಿ ನೋಡ್ಲಿಲ್ಲ."