ಹಿಂದಕ್ಕೆ ನಡೆಯುತ್ತಿದ್ದ ಹಗ್ಗದಣ್ಣ

ಆತನ ಬಲತೊಡೆಯ ಮೇಲೆ ಅಂಗೈಯಗಲ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಎಣ್ಣೆ ಸವರಿದ ಹಂಚಿನಂತೆ ಮಿಂಚುತ್ತಿತ್ತು. ದಿನವೂ ಧೋತರ ಮೇಲಕ್ಕೆ ಸಿಕ್ಕಿಸಿ, ಪುಂಡಿಯ ನಾರನ್ನು ಆ ತೊಡೆಯ ಮೇಲಿಟ್ಟು ಅಂಗೈಯಿಂದ ಉಜ್ಜಿ ಉಜ್ಜಿ ಎಳೆ ಮಾಡುತ್ತಿದ್ದ. ಎಡತೊಡೆ ಮಾತ್ರ ಕರಡಿಯ ತೊಡೆ. ಇಬ್ಬರ ಕಾಲು ತಂದು ಒಬ್ಬನಿಗೆ ಹಚ್ಚಿದಂತಿದೆ ಎಂದು ನಾನು ನಕ್ಕರೆ, "ಒಂದ ಕಾಲು ದುಡೀತದ, ಒಂದು ಕುಂತ ತಿಂತದ. ನಿಮ್ಮ ಮನ್ಯಾಗಿದ್ದಂಗ" ಅನ್ನುತ್ತಿದ್ದ.

ಅವನನ್ನು ಊರೆಲ್ಲ ಹಗ್ಗದಣ್ಣ ಎನ್ನುತ್ತಿತ್ತು. ಉಮದಿಯ ದೊಡ್ಡ ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮೂರು; ಸರಕಾರ ಮರಾಠಿಯದು, ಮನೆಮಾತು ಕನ್ನಡ. ಆತನ ಅಂಗಡಿ ನಮ್ಮ ಮನೆಯ ಎದುರಿಗೇ. ಅಂಗಡಿ ಎಂದರೆ ತಗಡಿನ ಪತ್ರಾ ಹೊದಿಸಿದ ಒಂದು ಖೋಲಿ, ಮುಂದೆ ಒಂದು ಬೇವಿನ ಗಿಡ. ಗಿಡದ ಬುಡದಲ್ಲಿ ಒಬ್ಬರು ಕಟ್ಟಿಗೆಯ ಹಿಡಿಕೆಗೆ ನಾರಿನ ತುದಿ ಕಟ್ಟಿಕೊಂಡು ತಿರುವುತ್ತ ನಿಲ್ಲಬೇಕು. ಹಗ್ಗದಣ್ಣ ಬಗಲಲ್ಲಿ ನಾರಿನ ಸಿಂಬಿ ಹಿಡಿದು, ಎಳೆ ಕೂಡಿಸುತ್ತ ಹಿಂದಕ್ಕೆ ನಡೆಯುತ್ತಿದ್ದ. ಓಣಿಯ ತುದಿಯವರೆಗೆ ನಲವತ್ತು ಹೆಜ್ಜೆ. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ನಾಯಿ ಏಳುತ್ತಿತ್ತು, ಮೋಟರ್‌ಸೈಕಲ್ ನಿಲ್ಲುತ್ತಿತ್ತು, ನೀರಿನ ಕೊಡ ಹೊತ್ತವರು ಗೋಡೆಗೆ ಒರಗುತ್ತಿದ್ದರು. ಜನ್ಮದಲ್ಲಿ ಮುಂದಕ್ಕಿಂತ ಹಿಂದಕ್ಕೇ ಹೆಚ್ಚು ನಡೆದ ಮನುಷ್ಯ.

ನನ್ನ ಗಂಡ ಸತ್ತ ವರ್ಷ ನಾನು ಮೂರು ತಿಂಗಳು ಹೊಸ್ತಿಲ ಹೊರಗೆ ಬಂದಿರಲಿಲ್ಲ. ಯಳವಿಯಿಂದ ನನ್ನ ತವರಿನವರು ಬಂದು ಅತ್ತು ಹೋಗುತ್ತಿದ್ದರು, ಮತ್ತೆ ಬಂದು ಅಳುತ್ತಿದ್ದರು. ಒಂದು ದಿನ ಆತ ಅಂಗಳದಲ್ಲಿ ಬಂದು ನಿಂತ.

"ತಂಗೀ, ಒಳಗ ಕುಂತು ಏನ ಮಾಡ್ತಿ? ಬಾ, ತುದಿ ಹಿಡಿ. ಕೂಲಿ ಕೊಡ್ತೀನಿ. ಅಳೂದಿದ್ರ ಈಗ ಅತ್ತು ಮುಗಿಸು. ಅಳಕೋತ ಹಿಡಿದ್ರ ಹುರಿ ಸಡಲ ಬೀಳ್ತದ."

ಸಮಾಧಾನದ ಮಾತು ಎಂದು ಆತನ ಬಾಯಿಂದ ಬಂದದ್ದು ಅಷ್ಟೇ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ತುದಿ ಹಿಡಿದೆ. ಆವಾಗಿನಿಂದ ಹಿಡಿದೇ ಇದ್ದೇನೆ.

ಆತ ಟೇಪು ಇಟ್ಟವನಲ್ಲ. ಎರಡೂ ಕೈ ಚಾಚಿ ಮಾರು ಹಾಕಿ ಅಳೆಯುತ್ತಿದ್ದ. ಬಾವಿಯ ಹಗ್ಗ, ತೊಟ್ಟಿಲ ಹಗ್ಗ, ದನ ಕಟ್ಟುವ ಕಣ್ಣಿ ಎಲ್ಲ ಮಾಡುತ್ತಿದ್ದ. ಆದರೆ ಆತನ ಕೈ ಗೊತ್ತಾಗುತ್ತಿದ್ದದ್ದು ಎತ್ತಿನ ಮೂಗುದಾಣದಲ್ಲಿ. ಹತ್ತಿಯ ನೂಲಿನಿಂದ ಹೊಸೆದ ಆ ಹುರಿಯನ್ನು ಮೊದಲು ತನ್ನ ಮೂಗಿನ ಕೆಳಗೆ, ಮೀಸೆ ಬೋಳಿಸಿದ ಜಾಗದಲ್ಲಿ ಎಳೆದೆಳೆದು ನೋಡುತ್ತಿದ್ದ. ಚರ್ಮ ಕೆಂಪಾದರೆ ಬಿಚ್ಚಿ ಮತ್ತೆ ಹೊಸೆಯುತ್ತಿದ್ದ. "ಎತ್ತಿಗೆ ಬಾಯಿಲ್ಲ, ನನಗ ಅದ" ಅನ್ನುತ್ತಿದ್ದ. ನೈಲಾನಿನ ಹಗ್ಗ ಕಂಡರೆ ಉಗುಳುತ್ತಿದ್ದ.

ಅಮಾವಾಸ್ಯೆಗೆ ಮಾತ್ರ ಅಂಗಡಿ ತೆರೆಯುತ್ತಿರಲಿಲ್ಲ. ಅವತ್ತು ನಮ್ಮ ಕಡೆ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಬಿಡುವಾಗಿದ್ದ ದಿನ ಎತ್ತಿನ ಹಗ್ಗವೂ ಬಿಡುವಾಗಿರಬೇಕು ಎಂಬುದು ಆತನ ಕಾಯಿದೆ. ಊರಿಗೆಲ್ಲ ಗೊತ್ತಿದ್ದದ್ದರಿಂದ ಬಾಗಿಲ ಮೇಲೆ ಏನೂ ಬರೆದಿರಲಿಲ್ಲ. ಫಲಕವೇ ಇರಲಿಲ್ಲ, ಬರೆಯುವುದೆಲ್ಲಿ?

ಟ್ರ್ಯಾಕ್ಟರು ಬಂತು, ಎತ್ತು ಹೋದವು, ಬಾವಿಗೆ ಮೋಟರು ಇಳಿಯಿತು. ಅಂಗಡಿ ಮುಚ್ಚಿ ಮಗಳ ಊರು ಬಿಳೂರಿಗೆ ಹೋಗುತ್ತೇನೆ ಎಂದು ಆತ ಅನ್ನತೊಡಗಿದ್ದ. ಅಷ್ಟರಲ್ಲಿ, ನಡುವೆ ಕೋರ್ಟು ನಿಲ್ಲಿಸಿದ್ದ ಎತ್ತಿನ ಗಾಡಿ ಓಟದ ಶರ್ಯತ್ತು ಮತ್ತೆ ಸುರುವಾದವು. ಮಿರಜ ಕಡೆಯ ಒಬ್ಬ ಶರ್ಯತ್ತಿನವನು ಒಂದು ಮೂಗುದಾಣ ಒಯ್ದ. ಆತನ ಎತ್ತಿನ ಮೂಗು ಹರಿಯಲಿಲ್ಲ. ಮುಂದಿನ ಸಲ ಬಂದಾಗ ಆತ ಅಂಗಡಿಯ ಫೋಟೋ ತೆಗೆದು, ಫೋನಿನೊಳಗಿನ ನಕ್ಷೆಯಲ್ಲಿ ಏರಿಸಿ, ಐದು ಚುಕ್ಕಿ ಕೊಟ್ಟು ಹೋದ.

ಆಮೇಲೆ ನೋಡಿರಿ, ಜೀಪುಗಳು. ಸಾಂಗಲಿಯದು, ಕೊಲ್ಹಾಪುರದ್ದು. ಜಗತ್ತಿನಲ್ಲಿ ಯಾರು ಏನು ಹುಡುಕಿದರೂ ಒಂದೇ ಕಂಪನಿಯನ್ನು ಕೇಳುತ್ತಾರಂತೆ, ಆ ಕಂಪನಿ ದಾರಿ ತೋರಿಸುತ್ತದಂತೆ. ನನ್ನ ಸೊಸೆ ಹೇಳಿದ್ದು. ಹಗ್ಗದಣ್ಣ ಆ ಕಂಪನಿಯನ್ನು ಫೋನಿನ್ಯಾಂವ ಎಂದು ಕರೆದ. ಆತನ ಲೆಕ್ಕದಲ್ಲಿ ಅದು ಒಬ್ಬ ಮನುಷ್ಯ, ಎಲ್ಲೋ ಖುರ್ಚಿ ಹಾಕಿ ಕೂತಿದ್ದಾನೆ.

"ಫೋನಿನ್ಯಾಂವ ಚಲೋ ಮನಶ್ಯಾ ಬಿಡು. ಆದ್ರ ತಂಗೀ, ಉಮದಿಯೊಳಗ ಒಬ್ಬರನ್ನೂ ಕೇಳದ ಸೀದಾ ನನ್ನ ಬಾಗಲಾಕ ಬಂದ್ರಲ್ಲ! ಚಾದ ಅಂಗಡ್ಯಾಗ ಸೈತ ಕೇಳಿಲ್ಲ."

ಅವನಿಗೆ ಅದು ಖುಷಿಯೋ ಹೆದರಿಕೆಯೋ ನನಗೆ ತಿಳಿಯಲಿಲ್ಲ. ಮೊದಲೆಲ್ಲ ಹೊರಗಿನವನು ಬಂದರೆ ನಾಲ್ಕು ಕಡೆ ಕೇಳಿಯೇ ಬರುತ್ತಿದ್ದ, ಆತ ಮುಟ್ಟುವುದರೊಳಗೆ ಊರಿಗೆ ಸುದ್ದಿ ಮುಟ್ಟಿರುತ್ತಿತ್ತು. ಈಗ ಯಾರನ್ನೂ ಕೇಳುವ ಕೆಲಸವಿಲ್ಲ.

ಬಿಳೂರಿನ ಮಗಳ ಗಂಡ ತೀರಿಕೊಂಡಾಗ ಆತ ಅವಳನ್ನು ಕರೆತಂದು ಅಂಗಡಿಗೆ ಕೂರಿಸಿದ. ಬಾವಿಯ ಹಗ್ಗ, ಕಣ್ಣಿ ಎಲ್ಲ ಬಿಟ್ಟು ಬರೀ ಮೂಗುದಾಣ, ಶರ್ಯತ್ತಿನ ಹಗ್ಗ ಮಾಡಿದರು. ಊರಿನ ಗಿರಾಕಿ ಸಂತೆಯ ನೈಲಾನಿಗೆ ಹೋದರೂ ಚಿಂತೆ ಮಾಡಲಿಲ್ಲ. ಅಪ್ಪ ಮಗಳ ಒಲೆ ಪೂರ್ತಿ ಆ ಜೀಪುಗಳ ಮೇಲೆ ನಿಂತಿತು.

ಇನ್ನು ನನ್ನ ಕೆಲಸ ಹೇಳುತ್ತೇನೆ. ಬಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

ಸೊಸೆ ತನ್ನ ಹಳೇ ಫೋನು ನನಗೆ ಕೊಟ್ಟಳು. ನಾನು ನಾಲ್ಕನೇ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವಳು, ಓದಲು ಬರುತ್ತದೆ. ಒಂದು ಅಮಾವಾಸ್ಯೆಯ ದಿನ ಹಗ್ಗದಣ್ಣನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಫೋನು ಕುಂಯ್ ಅಂದಿತು. ನೋಡಿದರೆ ಒಂದು ಪ್ರಶ್ನೆ: ಈ ಅಂಗಡಿ ಬಂದ್ ಆಗಿದೆಯೇ? ಕೆಳಗೆ ಹೌದು, ಇಲ್ಲ. ಬೆನ್ನ ಹಿಂದೆ ಬಾಗಿಲಿಗೆ ಹಾಕಿದ ಕೀಲಿ ಜೋತಾಡುತ್ತಿತ್ತು. ನಾನು ಸುಳ್ಳು ಹೇಳುವವಳಲ್ಲ. ಹೌದು ಎಂದು ಒತ್ತಿದೆ. ಧನ್ಯವಾದ ಎಂದಿತು. ನನಗೆ ನಮ್ಮ ಮನೆಯಲ್ಲಿ ಯಾರೂ ಧನ್ಯವಾದ ಹೇಳಿದ್ದಿಲ್ಲ. ಮುಂದಿನ ಅಮಾವಾಸ್ಯೆಗೂ ಕೇಳಿತು, ಒತ್ತಿದೆ. ಅದರ ಮುಂದಿನದಕ್ಕೂ ಒತ್ತಿದೆ. ಅಷ್ಟು ದೊಡ್ಡ ಕಂಪನಿ ನನ್ನಂಥವಳನ್ನು ಕೇಳುತ್ತದಲ್ಲ ಎಂದು ಒಳಗೊಳಗೆ ಬೀಗಿದ್ದೆ. ಥೂ.

ಜೀಪು ಬರುವುದು ನಿಂತಿತು. ಮೊದಲು ಒಂದು ವಾರ, ಆಮೇಲೆ ಒಂದು ತಿಂಗಳು. ಕಾರಹುಣ್ಣಿಮೆ ಹತ್ತಿರ ಬಂತು. ಆ ಎತ್ತಿನ ಹಬ್ಬಕ್ಕೆ ಮೊದಲಿನ ಹದಿನೈದು ದಿನವೇ ಹಗ್ಗದವನಿಗೆ ಸುಗ್ಗಿ. ಖೋಲಿಯ ಗೂಟಗಳ ತುಂಬ ಮೂಗುದಾಣ ಜೋತುಬಿದ್ದಿದ್ದವು, ಕೊಳ್ಳುವವರಿಲ್ಲ. ಮಗಳು ಊಟಕ್ಕೆ ಕೂತಾಗ ಒಂದು ರೊಟ್ಟಿ ಕಡಿಮೆ ತಿನ್ನುವುದನ್ನು ನಾನು ನನ್ನ ಕಣ್ಣಾರೆ ಕಂಡೆ.

ಕೊನೆಗೆ ಮಿರಜದ ಆ ಹಳೇ ಶರ್ಯತ್ತಿನವನೇ ಬಂದ. ಜೀಪಿನಿಂದ ಇಳಿದವನೇ ಹಗ್ಗದಣ್ಣನ ಕಾಲು ಮುಟ್ಟಿ, ಮರಾಠಿಯಲ್ಲಿ, "ಕಾಕಾ, ನೀವು ಅದೀರಾ? ಅಂಗಡಿ ಕಾಯಂ ಬಂದ್ ಅಂತ ಫೋನ್ ತೋರಸ್ತದ. ತೀರಕೊಂಡ್ರು ಅಂತ ತಿಳದಿದ್ವಿ" ಎಂದ.

ಹಗ್ಗದಣ್ಣ ತನ್ನ ತೊಡೆ ನೋಡಿಕೊಂಡ, ಅಂಗಡಿ ನೋಡಿದ. "ನಾ ಇಲ್ಲೇ ಕುಂತೀನಲ್ಲೋ" ಎಂದ. "ಯಾರ ಹೇಳಿದ್ರು ಅವಗ?"

ಯಾರು ಹೇಳಿದರು. ಹೌದು ಎಂದು ಒತ್ತಿದವಳು ನಾನೇ. ಚಹಾ ತರುತ್ತೇನೆಂದು ಮನೆಯೊಳಗೆ ನಡೆದುಬಿಟ್ಟೆ.

ಮಾರನೇ ದಿನ ಆತ ಅರ್ಜಿ ಬರೆಸಿಕೊಂಡು, ಕಚೇರಿಯ ಶಿಕ್ಕಾ ಹೊಡೆಸಲು ಎಸ್ಟಿ ಬಸ್ಸು ಹತ್ತಿ ತಾಲೂಕಿನ ಊರು ಜತ್ತಿಗೆ ಹೋದ. ಜಮೀನಿನ ಉತಾರ, ರೇಷನ್ ಕಾರ್ಡು, ಏನು ತಪ್ಪಾದರೂ ಆತ ಅಲ್ಲಿಗೆ ಹೋಗಿ ಸರಿ ಮಾಡಿಸಿಕೊಂಡು ಬಂದವನೇ. ಕ್ಲಾರ್ಕು ಬೈಯುತ್ತಾನೆ, ನಾಳೆ ಬಾ ಅನ್ನುತ್ತಾನೆ, ಆದರೆ ಟೇಬಲ್ಲಿನ ಹಿಂದೆ ಒಂದು ಮುಖ ಇರುತ್ತದೆ. ಈ ಸಲ ಆ ಟೇಬಲ್ಲಿಗೆ, ಈ ಟೇಬಲ್ಲಿಗೆ ತಿರುಗಾಡಿ, ಕೊನೆಗೆ ಒಂದು ಮೊಬೈಲ್ ದುಕಾನಿಗೆ ಹೋಗಿ, ಸಂಜೆ ಅರ್ಜಿಯನ್ನು ಹಾಗೇ ಹಿಡಿದುಕೊಂಡು ಬಂದ.

"ಅವಂದು ಕಚೇರಿ ಇಲ್ಲಂತ ಇಲ್ಲೆಲ್ಲೂ. ಬಾಗಲಾ ಇಲ್ಲ, ಸಾಹೇಬ ಇಲ್ಲ. ಜಗಳಾಡ್ಬೇಕಂದ್ರ ಯಾರ ಕೂಡ ಆಡ್ಲಿ?" ಎಂದು ನನ್ನನ್ನೇ ಕೇಳಿದ. "ಇತ್ತಾಗಿನ ತುದಿ ನಾ ಹಿಡದೀನಿ ತಂಗೀ. ಅತ್ತಾಗಿನ ತುದಿ ಹಿಡದಾಂವ ಯಾರು?"

ಸೊಸೆ ತನ್ನ ಫೋನಿನಿಂದ ಅಂಗಡಿ ತೆರೆದಿದೆ ಎಂದು ತಿಳಿಸಿದಳು. ಧನ್ಯವಾದ, ಪರಿಶೀಲಿಸುತ್ತೇವೆ ಎಂದು ಬಂತು. ಮತ್ತೆ ತಿಳಿಸಿದಳು, ಮತ್ತೆ ಧನ್ಯವಾದ. ಆಮೇಲೆ ಫಲಕದ ಫೋಟೋ ಬೇಕೆಂದಿತು. ಆತ ಪೇಂಟರನನ್ನು ಕರೆಸಿ ಜನ್ಮದಲ್ಲಿ ಮೊದಲ ಸಲ ಫಲಕ ಬರೆಸಿದ, ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ. ಕೈ ಕಟ್ಟಿಕೊಂಡು ನಿಂತಿದ್ದ, ತಪ್ಪು ಮಾಡಿದವರ ಹಾಗೆ. ಅದಕ್ಕೂ ಧನ್ಯವಾದವೇ ಬಂತು. ಅಂಗಡಿ ಬಂದ್ ಆಗಿಯೇ ಉಳಿಯಿತು.

"ಯಾರರ ಬಂದ್ ಅದ ಅಂತ ಘಳಿಗ್ಗೊಮ್ಮೆ ಒತ್ತಿರಬೇಕ್ರಿ ಅತ್ತಿ" ಎಂದಳು ಸೊಸೆ, ನನ್ನ ಕೈಯಲ್ಲಿದ್ದ ಫೋನು ನೋಡುತ್ತ. "ನಿಮ್ಮ ಫೋನಿಗೂ ಅಂಥಾವು ಬರ್ತಾವೇನ್ರಿ?"

"ನನಗ ಯಾರ ಕೇಳ್ತಾರ, ಹೋಗು" ಎಂದೆ. ಸುಳ್ಳು ಹೇಳುವವಳಲ್ಲ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದು ಹಾಕುವುದಿಲ್ಲ, ಇರಲಿ.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಟ್ಟು ನಾದಲು ಹೋದರೆ ನೀರು ಹೆಚ್ಚಾಗುತ್ತಿತ್ತು. ಅಂಗಳ ಎರಡೆರಡು ಸಲ ಗುಡಿಸುತ್ತಿದ್ದೆ. ಅಂಗಡಿಯ ಕಡೆ ನೋಡಬಾರದೆಂದುಕೊಂಡು ಅದನ್ನೇ ನೋಡುತ್ತಿದ್ದೆ. ಆತ ಮಾತ್ರ ಗಿರಾಕಿ ಇರಲಿ ಬಿಡಲಿ, ದಿನವೂ ಹೊಸೆಯುತ್ತಿದ್ದ. ನಾನು ತುದಿ ಹಿಡಿಯಬೇಕಲ್ಲ. ಒಂದು ಮುಂಜಾನೆ ಆತ ಹಿಂದಕ್ಕೆ ನಡೆಯುತ್ತ ನಡೆಯುತ್ತ ಮೂವತ್ತು ಹೆಜ್ಜೆ ದೂರ ಹೋಗಿದ್ದ. ಅಲ್ಲಿಂದಲೇ ಕೂಗಿದ.

"ತಂಗೀ, ಹುರಿ ಸಡಲಾತು! ಎಲ್ಲದ ನಿನ್ನ ಲಕ್ಷ?"

"ನಾನ ಒತ್ತೀನಿ!" ಎಂದು ಕೂಗಿದೆ.

"ಏನ ಒತ್ತೀದಿ?"

"ಫೋನು! ಅಂಗಡಿ ಬಂದ್ ಅದ ಏನು ಅಂತ ಕೇಳ್ತು. ಹೌದು ಅಂತ ಒತ್ತೀನಿ. ಒಮ್ಮೆ ಅಲ್ಲ, ಮೂರು ಸಲ!"

ಓಣಿಯೆಲ್ಲ ಕೇಳಿತು. ಅಂಗಡಿಯೊಳಗಿಂದ ಅವನ ಮಗಳು ಹೊರಗೆ ಬಂದು ನಿಂತಳು. ಆತ ಎಳೆ ಬಿಡಲಿಲ್ಲ. ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದು ಇಟ್ಟ.

"ಯಾವತ್ತ ಒತ್ತೀದಿ?"

"ಅಮಾಸಿ ದಿನ."

"ಅವತ್ತ ಬಂದ್ ಇತ್ತಿಲ್ಲೋ?"

"ಇತ್ತು."

"ಹಂಗಾದ್ರ ಖರೇನ ಹೇಳೀದಿ. ಅಮಾಸಿ ಅದ, ನಾಳಿ ತಗೀತಾನ ಅಂತ ಯಾಕ ಹೇಳಲಿಲ್ಲ?"

"ಅದು ಕೇಳಲೇ ಇಲ್ಲಣ್ಣಾ. ಹೌದೋ ಇಲ್ಲೋ ಅಷ್ಟ ಕೇಳ್ತು."

ಆತ ಬಗಲಿನ ಸಿಂಬಿಯಿಂದ ಇನ್ನೊಂದು ಎಳೆ ಕೂಡಿಸಿದ. "ಅಷ್ಟ ಕೇಳಿ ಒಬ್ಬರ ಬಾಗಲಾ ಹಾಕ್ತಾನಂದ್ರ ಅವನೂ ಭಾಳ ಶ್ಯಾಣ್ಯಾ ಅಲ್ಲ ಬಿಡು" ಎಂದ. ಆಮೇಲೆ, "ತುದಿ ಜಗ್ಗಿ ಹಿಡಿ" ಎಂದ.

ಅಷ್ಟೇ. ಅವನ ಮಗಳು ಎಂಟು ದಿನ ನನ್ನ ಸಂಗಡ ಮಾತಾಡಲಿಲ್ಲ. ಅದು ಸರಿಯಾದ ಕೆಲಸ. ಬೈಯದೆ ಬಿಟ್ಟ ಆತನದೇ ನನಗೆ ತಿಳಿಯಲಿಲ್ಲ.

ನಾನು ಇಪ್ಪತ್ತು ಮೂಗುದಾಣ ಕೊರಳಿಗೆ ಹಾಕಿಕೊಂಡು ಉಮದಿಯ ಸಂತೆಗೆ ಹೋದೆ. ನೈಲಾನ್ ಮಾರುವವನ ಎದುರಿಗೇ ನಿಂತು ಕೂಗಿದೆ. ಶರ್ಯತ್ತು ಇದ್ದ ಊರಿಗೆಲ್ಲ ಬಸ್ಸು ಹಿಡಿದು ಹೋದೆ. ಎತ್ತಿನ ಗಾಡಿಯ ಗಂಡಸರ ನಡುವೆ ನುಗ್ಗಿ, ನನಗೆ ಬರುವ ಮರಾಠಿಯಲ್ಲಿ, "ಹಗ್ಗದಾಂವ ಬದುಕ್ಯಾನ, ಅಂಗಡಿ ತೆರದದ, ಅಮಾಸಿ ಒಂದ ದಿನ ಬಿಟ್ಟು ಬರ್ರಿ" ಎಂದು ಹೇಳಿದೆ. ಕೆಲವರು ನಕ್ಕರು. "ಆಯೀ, ಇದನ್ನ ಫೋನಿನ್ಯಾಗ ಹಾಕಸ್ರಿ" ಎಂದ ಒಬ್ಬ. "ಫೋನಿನ್ಯಾಗ ಹಾಕಿದ್ದ ನಾನ, ಅದಕ್ಕ ಈ ಬಿಸಲಾಗ ತಿರಗಾಕತ್ತೀನಿ" ಎಂದೆ. ಜೀಪುಗಳು ಒಂದೊಂದಾಗಿ ಬಂದವು. ಮೊದಲಿನಷ್ಟಲ್ಲ, ಅರ್ಧ. ಅವನ ಮಗಳ ತಾಟಿಗೆ ರೊಟ್ಟಿ ತಿರುಗಿ ಬಂತು. ಹಗ್ಗದಣ್ಣ ಹೇಳಿದ್ದು ಇಷ್ಟು: "ಫೋನಿನ್ಯಾಂವ್ಗಿಂತ ನಿನ್ನ ಬಾಯಿ ಜೋರ ಅದ."

ಹೋದ ಚಳಿಗಾಲದಲ್ಲಿ ಆತ ತೀರಿಕೊಂಡ. ಮಧ್ಯಾಹ್ನ, ಬೇವಿನ ಬುಡದಲ್ಲಿ ಕೂತವನು ಕೂತಂತೆಯೇ. ಬಲತೊಡೆಯ ಮೇಲೆ ಅರ್ಧ ಉಜ್ಜಿದ ನಾರಿತ್ತು. ಅದನ್ನು ತೆಗೆದವಳು ನಾನು.

ಆತ ಹೋದ ತಿಂಗಳೊಪ್ಪತ್ತಿಗೆ ಸೊಸೆ ಫೋನು ತಂದು ತೋರಿಸಿದಳು. ಅಂಗಡಿ ತೆರೆದಿದೆ ಎಂದಿತ್ತು. ಯಾರು ನೋಡಿದರು, ಯಾರು ಸರಿ ಮಾಡಿದರು, ಅದೂ ಗೊತ್ತಿಲ್ಲ. ಫಲಕದ ಕೆಳಗೆ ಆತ ಕೈ ಕಟ್ಟಿ ನಿಂತ ಫೋಟೋ ಅದರಲ್ಲಿದೆ. ಅದನ್ನು ನೋಡಿಕೊಂಡು ಬಂದವರು ಕಾಕಾ ಎಲ್ಲಿ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ.

ಈಗ ಮಗಳು ಹಿಂದಕ್ಕೆ ನಡೆಯುತ್ತಾಳೆ. ಅವಳು ತಿರುಗಿ ತಿರುಗಿ ನೋಡುತ್ತಾಳೆ, ಇನ್ನೂ ರೂಢಿಯಾಗಿಲ್ಲ. ಅವಳ ತೋಳು ಗಿಡ್ಡ, ಮಾರು ಹಾಕಿದರೆ ಹಗ್ಗ ಕಡಿಮೆ ಬರುತ್ತದೆ. ಅದಕ್ಕೆ ಪ್ರತಿ ಹಗ್ಗಕ್ಕೂ ಒಂದು ಮಾರು ಹೆಚ್ಚು ಹಾಕುತ್ತಾಳೆ. ಅಪ್ಪನ ಅಳತೆ ತಪ್ಪಬಾರದಂತೆ.

ಅಮಾವಾಸ್ಯೆ ಬಂದರೆ ಫೋನು ಈಗಲೂ ಕುಂಯ್ ಅನ್ನುತ್ತದೆ, ಅಂಗಡಿ ಬಂದ್ ಆಗಿದೆಯೇ ಎಂದು ಕೇಳುತ್ತದೆ. ನಾನು ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು, ಬಂದವರಿಗೆ ಇವತ್ತು ಅಮಾಸಿ, ನಾಳೆ ಬರ್ರಿ ಎಂದು ಬಾಯಿಂದ ಹೇಳುತ್ತೇನೆ. ಮನೆಗೆಲಸ ಬಿಟ್ಟು ಇಲ್ಲಿ ಕೂತಿರುತ್ತೀರಿ ಎಂದು ಸೊಸೆ ಗೊಣಗುತ್ತಾಳೆ. ಗೊಣಗಲಿ. ನಾನು ಒತ್ತಿದ್ದು ಒಪ್ಪಿಕೊಂಡ ದಿನ ಆತ ಓಣಿಯ ನಡುವೆ ನಿಂತು ನನಗೆ ನಾಲ್ಕು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ನಾನೂ ಮನೆಯಲ್ಲಿ ಕೂತಿರುತ್ತಿದ್ದೆ. ಬೈಯಲಿಲ್ಲ. ತುದಿ ಜಗ್ಗಿ ಹಿಡಿ ಎಂದು ಹೇಳಿ ಹೋದ.