ಜಾಪ್ರಿಯಾನನ ಬೈಕಿನ ಹಿಂದಿನ ಸೀಟು

ನನ್ನ ತಂಗಿಯ ಗಂಡ ಜಾಪ್ರಿಯಾನ್ ಐವತ್ತು ದಾಟುವವರೆಗೆ ಮಾಡಿದ ಅತಿ ದೊಡ್ಡ ಸಾಹಸವೆಂದರೆ ಛತ್ರಿಯಿಲ್ಲದೆ ಮನೆಯಿಂದ ಹೊರಟದ್ದು. ಅದೂ ಮರೆತು. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಬಂದ.

ನಮ್ಮ ಬೆಟ್ಟದ ಊರು ಸ್ಮೋಲ್ಯಾನಿನ ಪುರಸಭೆಯ ಜಮೀನು ದಾಖಲೆ ವಿಭಾಗದಲ್ಲಿ ಅವನಿಗೆ ಒಂದು ಕುರ್ಚಿ, ಒಂದು ಮೊಹರು. ಬೆಳಿಗ್ಗೆ ಗ್ಯಾಸ್ ಆರಿಸಿ ಹೊರಟವನು ಗೇಟಿನಿಂದ ಒಮ್ಮೆ ಹಿಂದಿರುಗಿ ಗ್ಯಾಸ್ ನೋಡುತ್ತಾನೆ, ಬೀದಿ ತಿರುವಿನಿಂದ ಇನ್ನೊಮ್ಮೆ. ಪಂಪೊರೋವೊ ಬೆಟ್ಟಕ್ಕೆ ತಂತಿಯ ಮೇಲೆ ಹೋಗುವ ತೂಗುಕುರ್ಚಿ ಹತ್ತಲು ಭಯ, ಪ್ಲೋವ್‌ದಿವ್ ಪೇಟೆಯಲ್ಲಿ ಕಾರು ಓಡಿಸಲು ಭಯ, ಅವನಮ್ಮ ಸ್ತಾಮಾ ಎದುರು ಜೋರಾಗಿ ಕೆಮ್ಮಲೂ ಭಯ. ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡಿದ್ದು ಅಡುಗೆಮನೆಯಲ್ಲಿ. ಆಲೂಗೆಡ್ಡೆ ಸುಲಿದ ಆ ಕಥೆಯನ್ನು ಎರಡು ಲೋಟ ರಾಕಿಯಾ ಇಳಿದ ಮೇಲೆ ಅವನು ಹೇಳುವುದನ್ನು ಕೇಳಿದರೆ, ಗಡಿ ಕಾದವನು ಇವನೊಬ್ಬನೇ ಅನ್ನಿಸಬೇಕು. ಯಾವುದಕ್ಕೂ ಆಗುತ್ತದೆ ಅನ್ನುವುದಿಲ್ಲ, ಆಗುವುದಿಲ್ಲ ಅಂತಲೂ ಅನ್ನುವುದಿಲ್ಲ. 'ನೋಡೋಣ' ಅನ್ನುತ್ತಾನೆ. ನನ್ನ ತಂಗಿ ವೆಲಿಚ್ಕಾ ಈ ಮನುಷ್ಯನೊಡನೆ ಇಪ್ಪತ್ತಾರು ವರ್ಷ ಹೇಗೆ ಕಳೆದಳೋ ನನಗಂತೂ ಗೊತ್ತಿಲ್ಲ.

ಇಂಥವನ ತಲೆಗೆ ಬೈಕಿನ ಹುಳು ಬಿಟ್ಟದ್ದು ಬೊರಿಲ್. ಸ್ನಾನದ ಮನೆಗೆ ಹಾಸುವ ಟೈಲ್ಸ್ ಮಾರುವವನು. ಅವನೂ ಅವನಂಥ ಇನ್ನಿಬ್ಬರೂ ಸೇರಿ ಒಂದು ಗುಂಪು ಕಟ್ಟಿಕೊಂಡು 'ತೋಳಗಳು' ಎಂದು ಹೆಸರಿಟ್ಟುಕೊಂಡಿದ್ದರು. ಈ ತೋಳಗಳು ಭಾನುವಾರ ಬೆಳಿಗ್ಗೆ ನನ್ನ ಬ್ರೆಡ್ ಅಂಗಡಿ ಮುಂದೆ ಬೈಕು ನಿಲ್ಲಿಸಿ, ಚೀಸ್ ತುಂಬಿದ ಬಿಸಿ ಬಾನಿತ್ಸಾ ತಿಂದು, ಮೆಟ್ಟಿಲ ಮೇಲೆಲ್ಲ ಪುಡಿ ಉದುರಿಸಿ, ಟೈರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವು. ಆಮೇಲೆ ಮರುಭೂಮಿ ದಾಟಬಲ್ಲ ಆ ಗಾಡಿಗಳ ಮೇಲೆ ಪಕ್ಕದ ಊರಿಗೆ ಹೋಗಿ ಕಾಫಿ ಕುಡಿದು ಊಟದ ಹೊತ್ತಿಗೆ ಮನೆ ಸೇರುತ್ತಿದ್ದವು. ಬೊರಿಲ್‌ನ ಬೈಕಿನ ಪೆಟ್ಟಿಗೆಗಳ ಮೇಲೆ ಹನ್ನೆರಡು ದೇಶಗಳ ಬಾವುಟದ ಚೀಟಿ ಅಂಟಿಸಿತ್ತು. ಅವನು ಅದರಲ್ಲಿ ಮೂರನ್ನಷ್ಟೇ ನೋಡಿದ್ದ. ಉಳಿದ ಚೀಟಿಗಳು ಅಂಚೆಯಲ್ಲಿ ಬಂದವು.

ನಮ್ಮಪ್ಪನ ಹತ್ತಿರವೂ ಒಂದು ಬೈಕಿತ್ತು, ಪಕ್ಕದಲ್ಲಿ ಡಬ್ಬಿ ಕಟ್ಟಿದ ಹಳೆಯ ಸೋವಿಯತ್ ಗಾಡಿ. ಅಮ್ಮ ಹಿಂದೆ, ನಾನೂ ವೆಲಿಚ್ಕಾಳೂ ಡಬ್ಬಿಯಲ್ಲಿ, ನಮ್ಮ ಕಾಲ ಮೇಲೆ ಆಲೂಗೆಡ್ಡೆ ಚೀಲ. ಒಂದು ಸಲ ಕರುವನ್ನೂ ಕೂರಿಸಿಕೊಂಡು ಕೆಸರಿನಲ್ಲಿ ಬೆಟ್ಟ ಇಳಿದಿದ್ದೆವು. ಅದಕ್ಕೆ ಸಾಹಸ ಅನ್ನುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾವೂ ಚೀಟಿ ಅಂಟಿಸಿಕೊಳ್ಳುತ್ತಿದ್ದೆವು.

ಬೈಕು ಕೊಳ್ಳಲು ಹೆಂಡತಿಯ ಒಪ್ಪಿಗೆ ಬೇಕಲ್ಲ, ಅದಕ್ಕೆ ಜಾಪ್ರಿಯಾನ್ ಹಳೆಯ ಮಾತೊಂದನ್ನು ಕೆದಕಿದ. ಮದುವೆಗೆ ಮುಂಚೆ ಅವಳಿಗೆ ಕೊತೊರ್ ತೋರಿಸುತ್ತೇನೆ ಅಂದಿದ್ದನಂತೆ. ಬೆಟ್ಟಗಳು ನೇರ ಸಮುದ್ರದೊಳಕ್ಕೆ ಇಳಿಯುವ ಊರು, ನಮ್ಮ ಕಪ್ಪು ಸಮುದ್ರವಲ್ಲ, ಆಚೆ ಕಡೆಯದು. ಮಗು ದೊಡ್ಡದಾಗಲಿ ಅಂದ, ಛಾವಣಿ ರಿಪೇರಿಯಾಗಲಿ ಅಂದ, ಅಮ್ಮನ ಮಂಡಿ ಸರಿಹೋಗಲಿ ಅಂದ. ವೆಲಿಚ್ಕಾ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ನಿಂತು ಊರಿಗೆಲ್ಲ ಮಾತ್ರೆ ಕೊಡುತ್ತ ಕಾದಳು. ಈಗ ಅವನು ಅಡುಗೆಮನೆ ಬಾಗಿಲಲ್ಲಿ ನಿಂತು, "ಎರಡು ಚಕ್ರದ ಮೇಲೆ ಹೋಗೋಣ ವೆಲಿ, ನಾವಿಬ್ರೇ," ಅಂದನಂತೆ.

ಅವಳು ನನ್ನ ಅಂಗಡಿಗೆ ಓಡಿ ಬಂದಳು. ನಲವತ್ತೆಂಟರ ಹೆಂಗಸು, ಕೆನ್ನೆ ಕೆಂಪಾಗಿತ್ತು. "ಅಕ್ಕ, ಕೊತೊರ್," ಅಂದಳು. ನನಗೆ ಅವಳನ್ನು ನೋಡಿ ಪಾಪ ಅನ್ನಿಸಿತು, ಅವನ ಮೇಲೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ಮುಚ್ಚಿಟ್ಟ ಮಾತನ್ನು ಬೈಕಿಗೋಸ್ಕರ ಹೊರಗೆ ತೆಗೆದಿದ್ದಾನಲ್ಲ ಎಂದು.

ಪ್ಲೋವ್‌ದಿವ್‌ಗೆ ಬೈಕು ಕೊಳ್ಳಲು ಹೋದದ್ದು ನನ್ನ ಬ್ರೆಡ್ ವ್ಯಾನಿನಲ್ಲೇ. ಜಾಪ್ರಿಯಾನ್ ನಡುವೆ ಕೂತು ದಾರಿಯುದ್ದಕ್ಕೂ ಬೈಕಿನ ಸ್ಪ್ರಿಂಗುಗಳ ಬಗ್ಗೆ ಪಾಠ ಹೇಳಿದ. ಅಂಗಡಿಯವನು ಅವನ ಗಿಡ್ಡ ಕಾಲು ನೋಡಿ ಮಧ್ಯಮ ಗಾತ್ರದ್ದೊಂದನ್ನು ಹೊರಗೆ ತಳ್ಳಿ ತಂದ. ತಗ್ಗಿದ ಸೀಟು, ಹಗುರ ಮೈ. ಜಾಪ್ರಿಯಾನ್ ಕೂತರೆ ಎರಡು ಪಾದವೂ ನೆಲಕ್ಕೆ ಪೂರ್ತಿ ಊರಿದವು. ವೆಲಿಚ್ಕಾ ಹಿಂದೆ ಹತ್ತಿ ಕೂತು ಅವನ ಸೊಂಟ ಹಿಡಿದಳು.

"ಹೆಂಗಿದೆ?" ಅಂದೆ.

"ನನಗೂ ಅಂತ ಒಂದು ಜಾಗ ಇದೆ ಅಕ್ಕ ಇದ್ರಲ್ಲಿ," ಅಂದಳು. "ಬೆನ್ನು ನೋಯಲ್ಲ, ಕಾಲು ಜೋತು ಬೀಳಲ್ಲ. ಇದೇ ಸಾಕು ಜಾಪ್ರಿಯಾನ್."

ಅವನು "ನೋಡೋಣ" ಎಂದು ಹೊರಗೆ ಹೋಗಿ ಬೊರಿಲ್‌ಗೆ ಫೋನ್ ಮಾಡಿದ. ಬೊರಿಲ್‌ನ ಧ್ವನಿ ಗಾಜಿನಾಚೆಗೂ ಕೇಳುತ್ತಿತ್ತು. "ಅದು ಮಾರ್ಕೆಟ್ಟಿಗೆ ಸೊಪ್ಪು ತರೋ ಗಾಡಿ ಕಣೋ. ಅದರ ಮೇಲೆ ಬಂದ್ರೆ ನಮ್ಮ ಹಿಂದೆ ಹತ್ತು ಮೀಟರ್ ದೂರ ಇರು, ನಮ್ಮವನು ಅಂತ ಜನ ಗುರುತು ಹಿಡಿದುಬಿಟ್ಟಾರು."

ಒಳಗೆ ಬಂದ ಜಾಪ್ರಿಯಾನ್ ಅಂಗಡಿಯ ಅತಿ ಎತ್ತರದ, ಅತಿ ಭಾರದ ಬೈಕನ್ನು ತೋರಿಸಿ "ಇದು" ಅಂದ. ಜನ್ಮದಲ್ಲಿ ಅವನು ನೋಡೋಣ ಅನ್ನದೆ ತೀರ್ಮಾನ ಮಾಡಿದ್ದು ಅದೊಂದೇ ಸಲ. ಅದರ ಮೇಲೆ ಕೂತರೆ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಅಂಗಡಿಯವನು ಸೀಟನ್ನು ತಗ್ಗಿಸಿಕೊಡುತ್ತೇನೆ ಅಂದ. ಬೇಡವಂತೆ, ತಗ್ಗಿಸಿದರೆ ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ತಾಗುತ್ತದಂತೆ. ಕಲ್ಲುದಾರಿ ನೋಡಿದರೆ ಮೈಲಿ ಸುತ್ತಿ ಹೋಗುವ ಗಂಡಸು ಈ ಮಾತಾಡಿದ.

ಬೈಕು ಮನೆಗೆ ಬಂತು. ಆಮೇಲೆ ಶುರುವಾಯಿತು ಅಲಂಕಾರ. ಪ್ರತಿ ಭಾನುವಾರ ತೋಳಗಳು ಬಂದು ಅಂಗಳದಲ್ಲಿ ಕೂತು, ಸ್ತಾಮಾ ಮುದುಕಿ ಕೊಟ್ಟ ಉಪ್ಪಿನಕಾಯಿ ಮೆಲ್ಲುತ್ತ, ಇದಿಲ್ಲದೆ ಹೊರಟರೆ ಸತ್ತೆ ಎಂದು ಒಂದೊಂದೇ ಸಾಮಾನು ಹೇಳಿದವು. ಬಿದ್ದರೆ ಏಟಾಗದಿರಲು ಸುತ್ತ ಕಬ್ಬಿಣದ ಕಂಬಿ. ಕಂಬಿಯ ಭಾರಕ್ಕೆ ಗಟ್ಟಿ ಸ್ಪ್ರಿಂಗು. ಎಂಜಿನ್ನಿನ ಹೊಟ್ಟೆಗೆ ತಗಡು. ಕೈಗೆ ಚಳಿಯಾಗದಿರಲು ಬಿಸಿಯಾಗುವ ಹಿಡಿ, ಮಂಜಿಗೆ ನಾಲ್ಕು ದೀಪ. ಇಷ್ಟೂ ಭಾರ ಹೊತ್ತ ಗಾಡಿ ಮಗುಚದಿರಲು ಸ್ಟ್ಯಾಂಡಿನ ಅಡಿಗೊಂದು ದೊಡ್ಡ ಪಾದ. ಎರಡು ಪಕ್ಕಕ್ಕೂ ಅಲ್ಯೂಮಿನಿಯಂ ಪೆಟ್ಟಿಗೆ. ಒಂದರಲ್ಲಿ ಕಾಫಿ ಕಾಯಿಸುವ ಒಲೆ, ಇನ್ನೊಂದರಲ್ಲಿ ಒಲೆ ಕೆಟ್ಟರೆ ಇರಲಿ ಎಂದು ಇನ್ನೊಂದು ಒಲೆ. ಕಾಡಿನಲ್ಲಿ ದಾರಿ ತಪ್ಪಿದರೆ ಉಪಗ್ರಹಕ್ಕೆ ಕೂಗಿ ಹೇಳುವ ಯಂತ್ರ. ಕೊತೊರ್ ತನಕ ಟಾರು ರಸ್ತೆ, ಇಪ್ಪತ್ತು ಮೈಲಿಗೊಂದು ಹೋಟೆಲ್. ನಾನು ಹೇಳಿದೆ, ಯಾರೂ ನಗಲಿಲ್ಲ. ಅವರಿಗೆ ನಗುವುದಕ್ಕೆ ಪುರುಸೊತ್ತಿರಲಿಲ್ಲ, ಬೋಲ್ಟು ಬಿಗಿಯುತ್ತಿದ್ದರು.

ಎಲ್ಲ ಕಟ್ಟಿದ ದಿನ ಜಾಪ್ರಿಯಾನ್ ಅಂಗಳದಲ್ಲೇ ಹತ್ತಿ ಬೈಕನ್ನು ಸ್ಟ್ಯಾಂಡಿನಿಂದ ನೇರ ಮಾಡಿದ. ಹೆಬ್ಬೆರಳು ಜಾರಿತು. ಗಾಡಿ ನಿಧಾನವಾಗಿ, ನಿದ್ದೆಗೆ ಹೋಗುವ ಹಸುವಿನ ಹಾಗೆ, ಸ್ತಾಮಾಳ ಈರುಳ್ಳಿ ಪಾತಿಯ ಮೇಲೆ ಒರಗಿತು. ಅವನು ಪಕ್ಕದಲ್ಲಿ ನಿಂತು ಅದು ಯಾಕೆ ಬಿತ್ತೆಂದು ವಿವರಣೆ ಕೊಟ್ಟ. ಎತ್ತಿದ್ದು ನಾನೂ ವೆಲಿಚ್ಕಾಳೂ, ಬೆನ್ನು ಕೊಟ್ಟು ತಳ್ಳಿ.

"ಮಾತ್ರೆ ಡಬ್ಬಿ ಎತ್ತಿ ಎತ್ತಿ ಗಟ್ಟಿಯಾಗಿದೀಯ ವೆಲಿಚ್ಕಾ," ಎಂದು ಆಮೇಲೆ ಸುದ್ದಿ ಕೇಳಿದ ಬೊರಿಲ್ ನಕ್ಕ. "ಇವನನ್ನೂ ಒಂದು ಸಲ ಎತ್ತಿ ಕೂರಿಸಿಬಿಡು."

ಇಷ್ಟರವರೆಗೂ ನಗುವ ವಿಷಯವೇ. ಮಾರ್ಚ್ ಕೊನೆಯಲ್ಲಿ ಹಿಂದಿನ ಸೀಟು ಹೋಯಿತು.

ಡೇರೆ, ನೀರಿನ ಕ್ಯಾನು, ಹೆಚ್ಚುವರಿ ಟೈರು ಕಟ್ಟಲು ಜಾಗ ಸಾಲದೆ, ಬೊರಿಲ್ ಹೇಳಿದನೆಂದು ಜಾಪ್ರಿಯಾನ್ ಆ ಸೀಟು ಬಿಚ್ಚಿ ಅಲ್ಲೊಂದು ಕಬ್ಬಿಣದ ತಟ್ಟೆ ಕೂರಿಸಿದ. ಸೀಟನ್ನು ನೆಲಮಾಳಿಗೆಯಲ್ಲಿ ಮೆಣಸಿನಕಾಯಿ ಜಾಡಿಗಳ ಪಕ್ಕ ಇಟ್ಟ. ವೆಲಿಚ್ಕಾ ಅದನ್ನು ನೋಡಿ ಮೇಲೆ ಬಂದು ಕೇಳಿದಳು, ನಾನೂ ಅಲ್ಲಿದ್ದೆ.

"ಎರಡೇ ಬೋಲ್ಟು ವೆಲಿ," ಅಂದ. "ಹೊರಡೋ ಹಿಂದಿನ ದಿನ ವಾಪಸ್ ಹಾಕ್ತೀನಿ."

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ರಜೆ ಹಾಕಿದಳು. ನೀಲಿ ಹೆಲ್ಮೆಟ್ ತಂದಳು, ಮೊಣಕೈಗೆ ಮೆತ್ತೆಯಿರುವ ಜಾಕೆಟ್ಟು ತಂದಳು. ಸಂಜೆ ಅದನ್ನು ಹಾಕಿಕೊಂಡು ನನ್ನ ಅಂಗಡಿಯ ಹಿಟ್ಟಿನ ಚೀಲಗಳ ಮೇಲೆ ಕೂತು ಟೀ ಕುಡಿಯುವಳು. ವಾರಕ್ಕೊಮ್ಮೆ ನೆಲಮಾಳಿಗೆಗೆ ಹೋಗಿ ಸೀಟಿನ ಧೂಳು ಒರೆಸಿ ಬರುವಳು. ನಾನು ತಡೆಯಲಾರದೆ ಒಂದು ದಿನ ಜಾಪ್ರಿಯಾನನನ್ನು ಪುರಸಭೆ ಮೆಟ್ಟಿಲ ಮೇಲೆ ಹಿಡಿದೆ.

"ಅವಳನ್ನ ಕರ್ಕೊಂಡು ಹೋಗ್ತೀಯೋ ಇಲ್ವೋ? ಇಲ್ಲ ಅಂದ್ರೆ ಇಲ್ಲ ಅಂತ ಬಾಯಿಬಿಟ್ಟು ಹೇಳು. ಬೈಸ್ಕೋ, ಮುಗೀತು."

"ಹುಡುಗರು ಒಬ್ಬೊಬ್ಬರೇ ಬರ್ತಿದಾರೆ ಅಕ್ಕ. ಹೆಂಡತಿ ಹಿಂದೆ ಕೂತ್ರೆ ಅದು ಸಾಹಸ ಅಲ್ಲ, ಸಂಸಾರ ಅಂತಾನೆ ಬೊರಿಲ್."

"ನೀನೇನಂತೀಯ?"

ಅವನು ತನ್ನ ಬೂಟು ನೋಡಿಕೊಂಡ. "ನೋಡೋಣ."

ಅಲ್ಲೇ ಮೆಟ್ಟಿಲಿಂದ ಕೆಳಗೆ ತಳ್ಳಿಬಿಡೋಣ ಅನ್ನಿಸಿತು. ತಂಗಿಗೆ ಹೇಳಲು ಹೋದರೆ ಅವಳು, "ನಿನಗೆ ಅವನನ್ನ ಕಂಡ್ರೆ ಮೊದಲಿಂದಲೂ ಆಗಲ್ಲ," ಎಂದು ನನ್ನ ಬಾಯಿಯನ್ನೇ ಮುಚ್ಚಿಸಿದಳು.

ಮೇ ತಿಂಗಳಿನ ಸಂತ ಗೆಯೋರ್ಗಿ ಹಬ್ಬದ ಕುರಿಮರಿ ತಿಂದ ಮಾರನೆಯ ಬೆಳಿಗ್ಗೆ ಹೊರಡುವುದೆಂದಾಗಿತ್ತು. ನಾನು ಬ್ರೆಡ್ ಹಂಚಿ ಮುಗಿಸಿ ವ್ಯಾನು ಅವರ ಗೇಟಿನ ಮುಂದೆಯೇ ನಿಲ್ಲಿಸಿ ಬುತ್ತಿ ಕೊಡಲು ಇಳಿದೆ. ಬೀದಿಯಲ್ಲಿ ನಾಲ್ಕು ಬೈಕು ಸಾಲಾಗಿ ನಿಂತಿದ್ದವು. ಕಿಟಕಿಗಳಲ್ಲಿ ಜನ. ಜಾಪ್ರಿಯಾನ್ ಕುತ್ತಿಗೆಯಿಂದ ಪಾದದವರೆಗೆ ಕವಚ ತೊಟ್ಟು ನಡೆಯಲಾರದೆ ನಡೆಯುತ್ತಿದ್ದ. ಅವನ ಬೈಕಿನ ಹಿಂದೆ ಡೇರೆ, ನೀರಿನ ಕ್ಯಾನು, ಟೈರು, ಎಲ್ಲ ಬಿಗಿದು ಕಟ್ಟಿತ್ತು. ವೆಲಿಚ್ಕಾ ಜಾಕೆಟ್ಟು ಹಾಕಿ, ಹೆಲ್ಮೆಟ್ ಕಂಕುಳಲ್ಲಿಟ್ಟು, ಪುಟ್ಟ ಚೀಲ ಹಿಡಿದು ಮೆಟ್ಟಿಲಿಳಿದಳು. ಆ ಟೈರನ್ನು ನೋಡುತ್ತ ನಿಂತಳು.

ಅಷ್ಟರಲ್ಲಿ ಸ್ತಾಮಾ ತಾಮ್ರದ ತಂಬಿಗೆ ತಂದಳು. ತುಂಬ ನೀರು, ಮೇಲೆ ಒಂದು ಜೆರೇನಿಯಂ ಹೂವು. ಯಾರು ಹೊರಟರೂ, ಪರೀಕ್ಷೆಗೋ ಸೈನ್ಯಕ್ಕೋ, ಮನೆಯ ಹೆಂಗಸು ಹೊಸ್ತಿಲ ಮುಂದೆ ನೀರು ಸುರಿಯಬೇಕು, ಪಯಣ ನೀರಿನ ಹಾಗೆ ಸಲೀಸಾಗಿ ಹರಿಯಲಿ ಎನ್ನಬೇಕು. ಸುರಿದವರು ಮನೆಯಲ್ಲಿ ಉಳಿಯಬೇಕು. ಅದನ್ನು ನಮ್ಮ ಬೀದಿಯಲ್ಲಿ ಯಾರೂ ಮೀರಿದ್ದಿಲ್ಲ. ಮುದುಕಿ ತಂಬಿಗೆಯನ್ನು ಸೊಸೆಯ ಕೈಗಿಟ್ಟಳು. ಕೆಟ್ಟತನದಿಂದಲ್ಲ, ಯಾವಾಗಲೂ ಇಡುತ್ತಿದ್ದ ಹಾಗೆ. ಹೆಲ್ಮೆಟ್ ಇದ್ದ ಕೈಗೇ ಇಟ್ಟಳು. ಹೆಲ್ಮೆಟ್ ಕೆಳಗೆ ಬಿದ್ದು ಉರುಳಿತು.

"ಜಾಪ್ರಿಯಾನ್, ನಾನೆಲ್ಲಿ ಕೂರಲಿ?" ಅಂದಳು ವೆಲಿಚ್ಕಾ.

"ಮುಂದಿನ ಸಲ ವೆಲಿ. ಈ ಸಲ ದಾರಿ ಕಷ್ಟ ಇದೆ."

"ಕಷ್ಟ ಇದೆ ಅಂತ ಯಾವಾಗ ಗೊತ್ತಾಯ್ತು?"

ಅವನು ಬೊರಿಲ್‌ನ ಮುಖ ನೋಡಿದ. ಬೊರಿಲ್ ಎಂಜಿನ್ ಶುರು ಮಾಡಿ, "ಸುರೀಮ್ಮ, ಬಿಸಿಲೇರ್ತಿದೆ," ಅಂದ.

ವೆಲಿಚ್ಕಾ ನನ್ನ ಕಡೆ ತಿರುಗಿದಳು. "ಅಕ್ಕ, ನಿನ್ನ ವ್ಯಾನು ಕೊತೊರ್ ತನಕ ಹೋಗುತ್ತಾ?"

"ಹೋಗುತ್ತೆ," ಅಂದೆ. "ಈಸ್ಟಿನ ವಾಸನೆ ತಡ್ಕೋಬೇಕು, ಅಷ್ಟೇ." ನಿಜ ಹೇಳಬೇಕೆಂದರೆ ಆ ವ್ಯಾನು ಪ್ಲೋವ್‌ದಿವ್ ದಾಟಿದ್ದೇ ಇಲ್ಲ. ಅಂಗಡಿ ಯಾರು ನೋಡಿಕೊಳ್ಳುತ್ತಾರೆಂದೂ ನಾನು ಯೋಚಿಸಲಿಲ್ಲ.

ಅವಳು ಗಂಡನ ಹತ್ತಿರ ಹೋಗಿ ತಂಬಿಗೆ ಚಾಚಿದಳು. ಅವನು ತೆಗೆದುಕೊಂಡ. ಕೈಗೆ ಕೊಟ್ಟದ್ದನ್ನು ಹಿಡಿದುಕೊಳ್ಳುವುದು ಬಿಟ್ಟು ಆ ಮನುಷ್ಯ ಬೇರೇನೂ ಕಲಿತಿಲ್ಲ.

"ಇದನ್ನೇನು ಮಾಡ್ಲಿ?"

"ನಾನು ಹೊರಟೆ. ಹೊರಡೋರಿಗೆ ಏನು ಮಾಡ್ತಾರೋ ಅದು ಮಾಡು."

ಅವಳು ವ್ಯಾನು ಹತ್ತಿ ಬಾಗಿಲು ಹಾಕಿಕೊಂಡಳು. ನಾನೂ ಹತ್ತಿದೆ. ಜಾಪ್ರಿಯಾನ್ ದಪ್ಪ ಕೈಗವಸಿನಲ್ಲಿ ತಂಬಿಗೆ ಹಿಡಿದು ಬೀದಿಯ ನಡುವೆ ನಿಂತ. "ಬಿಸಾಕೋ ಅದನ್ನ, ಗಾಡಿ ಹತ್ತು," ಎಂದು ಬೊರಿಲ್ ಕೂಗಿದ. ಜಾಪ್ರಿಯಾನ್ ಅಮ್ಮನ ಕಡೆ ನೋಡಿದ. ಮುದುಕಿ ಮಗನ ಪರ ವಹಿಸುತ್ತಾಳೆ ಎಂದುಕೊಂಡಿದ್ದೆ.

"ಸುರಿಯೋ," ಅಂದಳು ಸ್ತಾಮಾ. "ಮನೆ ಹೆಣ್ಣುಮಗಳು ಹೊರಟಿದಾಳೆ. ಒಣನೆಲದ ಮೇಲೆ ಕಳಿಸ್ತೀಯಾ?"

ಅವನು ಬಗ್ಗಿದ. ಆ ಕವಚದಲ್ಲಿ ಬಗ್ಗಲಾಗದೆ ಒಂದು ಮಂಡಿ ಊರಿದ. ವ್ಯಾನಿನ ಮುಂದೆ, ಒಂದು ಹನಿಯೂ ಆಚೀಚೆ ಹೋಗದಂತೆ, ನಿಧಾನವಾಗಿ ಸುರಿದ. ತುಟಿ ಅಲ್ಲಾಡಿತು. ಹೇಳಬೇಕಾದ ಮಾತನ್ನೂ ಹೇಳಿದನೆಂದು ಕಾಣುತ್ತದೆ. ಅವನನ್ನು ನೋಡಿ ಮನಸಾರೆ ನಗುವ ಇಂಥ ಒಂದು ಗಳಿಗೆಗೆ ನಾನು ವರ್ಷಗಟ್ಟಲೆ ಕಾದಿದ್ದೆ. ಆದರೆ ನಗು ಬರಲಿಲ್ಲ, ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. ಅವನು ಎದ್ದು ಪಕ್ಕಕ್ಕೆ ಸರಿದ ಮೇಲೆ ಆ ಒದ್ದೆಯ ಮೇಲೆ ವ್ಯಾನು ಹಾಯಿಸಿದೆ.

ಊರು ಬಿಡುವ ಮೊದಲೇ ತೋಳಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಬೊರಿಲ್, ಅವನ ಹಿಂದೆ ಇನ್ನಿಬ್ಬರು. ನಾನು ಕನ್ನಡಿಯಲ್ಲಿ ನೋಡಿದೆ. ರಸ್ತೆ ಖಾಲಿಯಿತ್ತು.

"ನಿಲ್ಲಿಸಲಾ?" ಅಂದೆ. "ಬರ್ತಾನೇನೋ."

"ಬರಲ್ಲ ಅಕ್ಕ. ಸುರಿದೋರು ಉಳೀಬೇಕಲ್ಲ."

ವೆಲಿಚ್ಕಾ ಜಾಕೆಟ್ಟಿನ ಗುಂಡಿ ಬಿಚ್ಚುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

"ಕಷ್ಟ ಆಗುತ್ತೆ ಅವನಿಗೆ," ಅಂದಳು. "ಉಳಿಯೋದು ನನಗೆ ಅಭ್ಯಾಸ ಇತ್ತು. ಅವನಿಗೆ ಇವತ್ತೇ ಮೊದಲು."