ಬೇಡ ಅನ್ನಲು ಕುರ್ಚಿ ಇಳಿದವಳು

ಚಿಕ್ಕಮ್ಮ ಒಂದು ಆನ್‌ಲೈನ್ ಗುಂಪಿಗೆ ಮುಖ್ಯಸ್ಥೆಯಾದದ್ದು ದವಡೆ ಹಲ್ಲು ಕೀಳಿಸಿಕೊಂಡ ವಾರದಲ್ಲಿ. ಮುಖ ಊದಿ, ಯಾರೊಡನೆಯೂ ಮಾತು ಬೇಡವೆಂದು ಮಲಗಿದ್ದವಳು ಎದ್ದು ಬಂದು ಕಂಪ್ಯೂಟರ್ ತೆರೆದರೆ ಅಭಿನಂದನೆಗಳು ರಾಶಿ ಬಿದ್ದಿದ್ದವು. ಆ ಗುಂಪಿನ ಪದ್ಧತಿಯೇ ಹಾಗೆ. ಯಾರಾದರೂ ಒಂದು ಮಾತು ಮುಂದಿಡುತ್ತಾರೆ. ಮೂರು ದಿನದೊಳಗೆ ಯಾರೂ ಬೇಡ ಅನ್ನದಿದ್ದರೆ ಅದು ಪಾಸು. ಯಾರೋ ಅವಳನ್ನು ಮುಂದಿಟ್ಟಿದ್ದರು. ಬೇಡ ಅನ್ನಬೇಕಾದ ಒಬ್ಬಳ ಬಾಯಲ್ಲಿ ಹತ್ತಿ ಇತ್ತು.

"ಅಂತೂ ಒಬ್ಬರ ಮುಖ ಒಬ್ಬರು ನೋಡದ ಜನಕ್ಕೆ ಯಜಮಾನಿಯಾದೆ ಅನ್ನು," ಎಂದ ಗಂಡ. ಹೊಲಿಗೆ ಮೆಷಿನ್ ರಿಪೇರಿ ಅವನ ಕಸುಬು. "ಬಾಗಿಲಿಗೆ ಬೋರ್ಡು ಹಾಕಿಸಲಾ?"

"ಮೊದಲು ಆ ಎಣ್ಣೆ ಕಾಲು ಒರೆಸ್ಕೊಂಡು ಒಳಗೆ ಬನ್ನಿ."

ಚಿಕ್ಕಮ್ಮನಿಗೆ ಸಂಬಳದ ಕೆಲಸ ಒಂದು ತರಬೇತಿ ಶಾಲೆಯ ಗ್ರಂಥಾಲಯದಲ್ಲಿ. ಗುಂಪಿನದು ಸಂಬಳವಿಲ್ಲದ ಕೆಲಸ. ಹಳೆಯ ಪುಸ್ತಕ, ಫೋಟೋ, ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಕೇಳಿದವರಿಗೆ ತೆಗೆದು ತೋರಿಸುವ ಒಂದು ಸಾಫ್ಟ್‌ವೇರ್ ಇತ್ತು. ಅದಕ್ಕೆ ಒಡೆಯರಿಲ್ಲ. ಬೇಕಾದವರು ಒಯ್ಯಬಹುದು, ಬಿಚ್ಚಿ ನೋಡಬಹುದು, ಹರಿದ ಕಡೆ ಹೊಲಿಯಬಹುದು. ಹೊಲಿದದ್ದನ್ನು ಮಿಕ್ಕವರಿಗೂ ಕೊಡಬೇಕು, ಅಷ್ಟೇ. ಹಲವು ಊರಿನ ಗ್ರಂಥಾಲಯಗಳು ಅದನ್ನು ನೆಚ್ಚಿಕೊಂಡಿದ್ದವು. ಹೊಲಿಯುವವರು ಬೆರಳೆಣಿಕೆಯಷ್ಟು. ಅವರಲ್ಲೂ ಹೆಚ್ಚಿನದನ್ನು ಹೊಲಿಯುತ್ತಿದ್ದವನು ಗಡ್ಡ. ಅವನ ಕ್ಯಾಮೆರಾ ತಗ್ಗಿನಲ್ಲಿ ಕೂತಿದ್ದರಿಂದ ಸಭೆಯಲ್ಲಿ ಗಡ್ಡವೊಂದೇ ಕಾಣುತ್ತಿತ್ತು.

ಮುಖ್ಯಸ್ಥೆ ಅಂದರೆ ಅಪ್ಪಣೆ ಕೊಡುವವಳಲ್ಲ. ಕೊಟ್ಟರೂ ಕೇಳುವವರು ಯಾರು? ಸಿಟ್ಟು ಬಂದವರು ಇಡೀ ಸಾಫ್ಟ್‌ವೇರಿನ ನಕಲು ಎತ್ತಿಕೊಂಡು ಹೋಗಿ ಬೇರೆ ಒಲೆ ಹೂಡಬಹುದಿತ್ತು. ಮನೆ ಪಾಲಾದರೆ ಹಂಡೆ ಒಬ್ಬರಿಗೆ, ಕೊಪ್ಪರಿಗೆ ಒಬ್ಬರಿಗೆ. ಇಲ್ಲಿ ಹಾಗಲ್ಲ, ಎಲ್ಲ ಪಾತ್ರೆಯೂ ಎಲ್ಲರಿಗೂ ಪೂರ್ತಿ ಸಿಗುತ್ತದೆ. ಬೆಳಗುವ ಕೈಗಳು ಮಾತ್ರ ಪಾಲಾಗುತ್ತವೆ. ಹಾಗಾಗದಂತೆ ನೋಡಿಕೊಳ್ಳುವುದೇ ಚಿಕ್ಕಮ್ಮನ ಕೆಲಸ. ತಕ್ಕಡಿ ಹಿಡಿದವಳು ತಾನು, ತಟ್ಟೆಯಲ್ಲೂ ತಾನೇ ಕೂತರೆ ಹೇಗೆ ಎಂದು, ಮುಖ್ಯಸ್ಥರಾದವರು ಯಾರ ಮಾತಿಗೂ ಬೇಡ ಅನ್ನಬಾರದೆಂಬ ನಿಯಮವನ್ನು ಅವಳೇ ತಂದಿದ್ದಳು. ಅದಕ್ಕೂ ಯಾರೂ ಬೇಡ ಅಂದಿರಲಿಲ್ಲ.

ಹೀಗಿರುವಾಗ ಗಡ್ಡ ಒಂದು ಮಾತು ಮುಂದಿಟ್ಟ: ಸಾಫ್ಟ್‌ವೇರಿನ ಹಿಂಬಾಗಿಲು ಮುಚ್ಚಿಬಿಡೋಣ. ಕಸುವಿಲ್ಲದ ಕಂಪ್ಯೂಟರಿನವರು ಒಂದೊಂದೇ ಹಾಳೆ ಕಳಿಸಲಿ ಎಂದು ಮೊದಮೊದಲು ಮಾಡಿದ್ದ ದಾರಿ ಅದು. ಬೀಗವಿರಲಿಲ್ಲ. ಕಳ್ಳನೊಬ್ಬ ಅಲ್ಲಿಂದ ನುಗ್ಗಿದರೆ ಎಲ್ಲರ ಕಪಾಟೂ ಚೆಲ್ಲಾಪಿಲ್ಲಿ. ಯಾರೋ ಬಂದು ಇಣುಕಿ ಹೋದ ಗುರುತೂ ಸಿಕ್ಕಿತ್ತು. ಗಡ್ಡನದು ತಪ್ಪು ಮಾತಲ್ಲ.

ಆದರೆ ಆ ಬಾಗಿಲಲ್ಲಿ ಈಗಲೂ ಓಡಾಡುವವರೊಬ್ಬರಿದ್ದರು, ಗೋಡೆ ತಾತ. ಹಿಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ. ಗೋಡೆಗೆ ಅಂಟಿಸಿದ್ದ ಹಳೆಯ ಪ್ರಕಟಣೆಗಳನ್ನು, ನಾಟಕದ್ದು, ಸಭೆಯದ್ದು, ಸಾವಿನದ್ದು, ಬಿಡಿಸಿ ತಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದರು. ಬೇರೆಲ್ಲೂ ಇಲ್ಲದ ಕಾಗದ. ಅಂಟು ತಿಂದು, ಮುಟ್ಟಿದರೆ ಒಣ ಎಲೆಯಂತೆ ಪುಡಿಯಾಗುತ್ತಿತ್ತು. ತಾತನ ಕಂಪ್ಯೂಟರೋ ಏದುಸಿರು ಬಿಡುವಂಥದ್ದು, ಮುಂಬಾಗಿಲು ಹತ್ತಲಾರದು. ಅರ್ಧ ಚೀಲ ಇನ್ನೂ ಬಾಕಿಯಿತ್ತು. ಬಾಗಿಲು ಮುಚ್ಚಿದರೆ ಮಿಕ್ಕದ್ದು ಚೀಲದಲ್ಲೇ ಮಣ್ಣು.

ಚಿಕ್ಕಮ್ಮ ಫೋನ್ ಮಾಡಿದಳು. "ತಾತ, ಗ್ರೂಪಲ್ಲಿ ಬೇಡ ಅಂತ ಒಂದು ಮಾತು ಬರೀರಿ. ಅಷ್ಟು ಸಾಕು."

"ನನ್ನ ಗೋಡೆ ಕಾಗದಕ್ಕೋಸ್ಕರ ಎಲ್ಲರ ಮನೆಗೂ ಕಳ್ಳ ನುಗ್ಗಲಿ ಅನ್ನಲಾ ತಾಯಿ? ನನ್ನ ಕೈಲಾಗಲ್ಲ. ಬಿಡು, ಇಷ್ಟು ದಿನ ತೆರೆದಿಟ್ರಲ್ಲ, ಅದೇ ದೊಡ್ಡದು."

ದಾದಿಯರ ಕಾಲೇಜಿನ ಗ್ರಂಥಪಾಲಕಿಗೆ ಮಾಡಿದಳು. "ಬೇರೆ ಯಾರಾದ್ರೂ ಅಂದ್ರೆ ನಾನೂ ಅಂತೀನಿ." ವಸ್ತುಸಂಗ್ರಹಾಲಯದವನಿಗೆ ಮಾಡಿದಳು. "ಗಡ್ಡದವರ ಹತ್ರ ನಿಷ್ಠುರ ಯಾಕೆ ಚಿಕ್ಕಮ್ಮ? ನಾಳೆ ನಮ್ದು ಕೆಟ್ರೆ ಅವ್ರೇ ಗತಿ." ಕಡೆಗೆ ಗಡ್ಡನಿಗೇ ಮಾಡಿದಳು.

"ಒಬ್ಬ ಮುದುಕನಿಗೋಸ್ಕರ ನಾನು ನಿದ್ದೆಗೆಟ್ಟು ಬಾಗಿಲು ಕಾಯ್ಬೇಕಾ? ದೊಡ್ಡ ಕಾಲೇಜಿನೋರು ಬಾಗಿಲು ಮುಚ್ಚಿದ ಹೊಸ ಸಾಫ್ಟ್‌ವೇರಿಗೆ ಕಾದು ಕೂತಿದಾರೆ. ಬೇಡ ಅನ್ನೋರು ಗ್ರೂಪಲ್ಲಿ ಅನ್ಲಿ. ನೀವಂತೂ ಅನ್ನೋ ಹಾಗಿಲ್ಲ, ನಿಮ್ದೇ ನಿಯಮ."

ಗಂಡ ಜಗಲಿಯಲ್ಲಿ ಒಂದು ಮೆಷಿನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. "ಏನಂತಾರೆ ನಿನ್ನ ಜನ?"

"ಏನೂ ಅನ್ನಲ್ಲ."

"ಒಳ್ಳೇದೇ ಆಯ್ತಲ್ಲ."

"ಎಲ್ಲಿ ಒಳ್ಳೇದು? ಒಬ್ರಿಗೆ ಸಂಕೋಚ, ಒಬ್ರಿಗೆ ಭಯ. ಅದನ್ನೇ ಒಪ್ಪಿಗೆ ಅಂತ ಬರ್ಕೋಬೇಕು."

"ಮೆಷಿನ್ನೂ ಅಷ್ಟೇ ಕಣೆ. ದಾರ ಇಲ್ದಿದ್ರೆ ಎಷ್ಟು ಚೆನ್ನಾಗಿ ಓಡುತ್ತೆ ಗೊತ್ತಾ?"

ಮೂರನೆಯ ದಿನ ಮಧ್ಯಾಹ್ನ ಅವಳು ಎರಡು ಸಂದೇಶ ಬರೆದಳು. ಮೊದಲನೆಯದು: ಈ ಕ್ಷಣದಿಂದ ನಾನು ಮುಖ್ಯಸ್ಥೆಯಲ್ಲ. ಎರಡನೆಯದು: ಬೇಡ. ತಾತನ ಚೀಲ ಖಾಲಿಯಾಗುವವರೆಗೆ ಹಿಂಬಾಗಿಲು ಇರಲಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಇನ್ನೊಮ್ಮೆ ನೋಡಿಕೊಂಡು ಕಳಿಸಿದಳು.

ಗುಂಪಿಗೆ ಜೀವ ಬಂತು. ದಾದಿಯರ ಕಾಲೇಜು ಬೇಡ ಅಂದಿತು. ವಸ್ತುಸಂಗ್ರಹಾಲಯದವನು, ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂದು ಬರೆದ. ದೊಡ್ಡ ಕಾಲೇಜಿನವರು, ಇನ್ನು ಕಾಯಲಾರೆವೆಂದು ನಕಲು ಎತ್ತಿಕೊಂಡು, ಹೊಲಿಯುವವರಿಬ್ಬರನ್ನು ಕರೆದುಕೊಂಡು ಹೊರಟೇಹೋದರು. ಇಷ್ಟು ದಿನ ಯಾವುದನ್ನು ತಡೆಯಲು ಕೂತಿದ್ದಳೋ ಅದೇ ಆಯಿತು. ಚಿಕ್ಕಮ್ಮ ಹೋದವರಿಗೆ ಶುಭ ಕೋರಿ ಬರೆದಳು. ಆ ಸಂದೇಶಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು.

ಸಂಜೆ ಗಡ್ಡನ ಫೋನು. "ಬೇಡ ಅನ್ನೋಕೆ ಅಧಿಕಾರಾನೇ ಬಿಡ್ಬೇಕಿತ್ತಾ? ನಿಯಮ ಮುರಿದಿದ್ರೆ ಯಾರು ಕೇಳ್ತಿದ್ರು?"

"ನೀವು."

ಗಡ್ಡ ಮಾತು ತಿರುಗಿಸಿದ. "ಬಿಟ್ಟು ಹೋದ ಆ ಕಾಲೇಜಿನೋರು ನನ್ನೂ ಕರೆದ್ರು."

"ಹೋಗ್ತೀರಾ?"

"ಹೋದ್ರೆ? ನಿಮಗೆ ಬೀಗ ಮಾಡೋಕೆ ಬರುತ್ತಾ?"

"ಇಲ್ಲ."

"ಮತ್ತೆ? ಮಾತಾಡ್ತಾರೆ!" ಗಡ್ಡ ಗೊಣಗಿದ. "ಬೀಗ ನಾನು ಮಾಡ್ಕೊಡ್ತೀನಿ. ಬೀಗದ ಕೈ ನಿಮ್ಮ ಹತ್ರ. ತಾತ ಬಂದಾಗ ತೆಗೀಬೇಕು, ಹೋದ್ಮೇಲೆ ಹಾಕ್ಬೇಕು. ದಿನಾ. ಒಂದು ದಿನ ಮರೆತ್ರೂ ಆ ಜಾಗಕ್ಕೆ ಗೋಡೆ ಕಟ್ಬಿಡ್ತೀನಿ, ಆಮೇಲೆ ಚಿಕ್ಕಮ್ಮ ದೊಡ್ಡಮ್ಮ ಅಂತ ನೋಡಲ್ಲ."

ಮುಖ್ಯಸ್ಥರ ಜಾಗ ಖಾಲಿಯೇ ಉಳಿಯಿತು. ಏನಿದ್ದರೂ ಜನ ಅವಳನ್ನೇ ಕೇಳುತ್ತಾರೆ. ತನಗೆ ಅಧಿಕಾರವಿಲ್ಲ ಎಂದು ಮೊದಲು ಹೇಳಿ, ಆಮೇಲೆ ಅವಳು ಉತ್ತರ ಹೇಳುತ್ತಾಳೆ.

ಬೀಗ ಬಂದ ಮರುದಿನ ಬೆಳಿಗ್ಗೆ, ಅವಳು ಗ್ರಂಥಾಲಯದ ಕಿಟಕಿಗಳನ್ನು ತೆರೆಯುತ್ತಿರುವಾಗಲೇ ತಾತ ಫೋನ್ ಮಾಡಿದರು. "ಬಾಗಿಲು ತೆಗಿ ತಾಯಿ, ಬಂದಿದೀನಿ." ಕಂಪ್ಯೂಟರಿನ ಮುಂದೆ ಕೂತು ತೆಗೆದಳು. ಹಾಳೆ ಏದುಸಿರು ಬಿಡುತ್ತಾ ಒಳಗೆ ಬಂತು. ಕಳೆದುಹೋದ ಕೊಡೆಯೊಂದರ ಪ್ರಕಟಣೆ: ಹಿಡಿ ಸೊಟ್ಟ, ಕಡ್ಡಿ ಮುರಿದಿದೆ, ಆದರೂ ಸಿಕ್ಕವರು ದಯಮಾಡಿ ತಂದುಕೊಡಬೇಕು. ಚಿಕ್ಕಮ್ಮ ಅದನ್ನು ಕಳೆದ ವಸ್ತುಗಳ ಸಾಲಿನಲ್ಲಿಟ್ಟು, ಬೀಗ ಹಾಕಿ, ಬಿದ್ದಿದೆಯೋ ಎಂದು ಎರಡು ಸಲ ನೋಡಿದಳು.